ಅಕ್ಕ ಹಿಮ ಕೈಬಿಟ್ಟದ್ದು

ಭೂಮಿ ಆಗಷ್ಟೇ ಆರಿತ್ತು. ಬೆಟ್ಟಗಳು ತಮ್ಮ ಎತ್ತರಕ್ಕೆ ಇನ್ನೂ ಒಗ್ಗಿಕೊಳ್ಳುತ್ತಿದ್ದವು. ಆಗ ಮೋಡಕ್ಕೆ ಇಬ್ಬರು ಹೆಣ್ಣುಮಕ್ಕಳು. ಇಬ್ಬರ ಹೆಸರೂ ಹಿಮ. ಮೋಡಕ್ಕೆ ಹೊಳೆದದ್ದು ಅಷ್ಟೇ.

ಮೊದಲು ಅಕ್ಕ ಇಳಿದಳು. ಬರಿಮೈ ಬೆಟ್ಟಕ್ಕೆ ಹೊದಿಕೆಯಾದಳು.

"ಬಂದೆಯಾ ತಾಯಿ, ನಡುಗಿ ಸಾಯ್ತಿದ್ದೆ" ಎಂದಿತು ಬೆಟ್ಟ. ಅಕ್ಕ ಆ ಮಾತನ್ನು ನಾಲ್ಕು ದಿನ ಮೆಲುಕು ಹಾಕಿದಳು.

ಆ ಬೆಟ್ಟದ ದಾರಿಯಲ್ಲಿ ಪಾಲ್ಮೋ ಎಂಬ ಅಜ್ಜಿ ಕುರಿಗಳ ಬೆನ್ನಿಗೆ ಉಪ್ಪು ಹೇರಿಕೊಂಡು ಬರುವಳು. ಕೋಲನ್ನು ನೆಲ ಮುಟ್ಟುವತನಕ ಊರಿ, "ಅಕ್ಕಾ, ದಾಟಲೇನೇ?" ಎನ್ನುವಳು. "ದಾಟವ್ವಾ" ಎನ್ನುವಳು ಅಕ್ಕ. ಕೇಳದೆ ಯಾರೂ ದಾಟುತ್ತಿರಲಿಲ್ಲ.

ಆಮೇಲೆ ಮೂರು ವಾರ ಮೋಡದ ಸುಳಿವಿಲ್ಲ. ಆಕಾಶ ನಿಚ್ಚಳ. ಚಳಿ ಬಂದು ಅಕ್ಕನ ಪಕ್ಕ ಕುಳಿತಿತು. ಅದಕ್ಕೆ ಬೇರೆ ಕೆಲಸವಿರಲಿಲ್ಲ.

"ನಿನ್ನ ತಂಗಿ ಬರ್ತಾಳಂತೆ. ನಿನಗಿಂತ ಬೆಳ್ಳಗಂತೆ."

"ಬರಲಿ, ನನಗೇನು?" ಎಂದಳು ಅಕ್ಕ. ಅವಳ ಒಂದು ಕಣ ಪಕ್ಕದ ಕಣದ ಕೈಬಿಟ್ಟಿತು.

"ನಿನಗಿಂತ ಗಟ್ಟಿಯಂತೆ."

ಇನ್ನೊಂದು ಕಣ ಕೈಬಿಟ್ಟಿತು.

ಮೂರು ವಾರ ಕಳೆಯುವಷ್ಟರಲ್ಲಿ ಅಕ್ಕನೊಳಗೆ ಒಂದು ಕಣವೂ ಇನ್ನೊಂದನ್ನು ಹಿಡಿದಿರಲಿಲ್ಲ. ಸಕ್ಕರೆಯಂತೆ ಬಿಡಿಬಿಡಿಯಾಗಿದ್ದಳು. ಸಿಹಿ ಮಾತ್ರ ಇರಲಿಲ್ಲ.

ತಂಗಿ ಬಂದಳು, ಗಾಳಿಯ ಹೆಗಲೇರಿ. ಅಕ್ಕನ ಮೇಲೇ ಹಲಗೆಯಂತೆ ಮಲಗಿದಳು.

"ಅಕ್ಕಾ, ಇಳಿಜಾರು. ನನ್ನ ಹಿಡ್ಕೊಂಡಿದ್ದೀಯಲ್ವಾ?"

"ಹೂಂ" ಎಂದಳು ಅಕ್ಕ. ಸುಳ್ಳು.

"ಆಹಾ, ಏನು ಹೊಳಪು!" ಎಂದಿತು ಬೆಟ್ಟ, ಮೇಲೆ ನೋಡುತ್ತಾ. ಬೆಟ್ಟಗಳ ನೆನಪು ಅಷ್ಟಕ್ಕಷ್ಟೇ.

ಕತ್ತಲಲ್ಲಿ ಅದುಮಿಸಿಕೊಂಡು ಬಿದ್ದಿದ್ದ ಅಕ್ಕ ಒಂದೇ ಆಸೆ ಇಟ್ಟುಕೊಂಡಳು. ಪಾಲ್ಮೋ ಬರುತ್ತಾಳೆ. ಪಾಲ್ಮೋ ಕೇಳುತ್ತಾಳೆ. ಕೇಳಿದರೆ ನಿಜ ಹೇಳಿಬಿಡುತ್ತೇನೆ: ದಾಟಬೇಡವ್ವಾ, ನನ್ನ ಕೈಯಲ್ಲಿ ಹಿಡಿತವಿಲ್ಲ.

ಪಾಲ್ಮೋ ಬಂದಳು. ಕೋಲು ಊರಿದಳು. ತಂಗಿ ಎಷ್ಟು ಗಟ್ಟಿಯೆಂದರೆ ಕೋಲು ಒಂದು ಗೇಣೂ ಇಳಿಯಲಿಲ್ಲ.

"ಮೇಲಿನವಳೇ ಬಂಡೆ ಹಾಗಿದ್ದಾಳೆ. ಕೆಳಗಿನವಳನ್ನೇನು ಕೇಳೋದು, ನಡಿಯೋ" ಎಂದಳು ಮುಂದಿನ ಟಗರಿಗೆ.

ಟಗರು ಕದಲಲಿಲ್ಲ.

"ನಿನಗಿಂತ ನನಗೆ ಚೆನ್ನಾಗಿ ಗೊತ್ತು, ಮುದಿಗೂಬೆ" ಎಂದು ಬೈದು, ತಾನೇ ಹೆಜ್ಜೆಯಿಟ್ಟಳು.

*ಹುಂಫ್.*

ಅದು ಅಕ್ಕ ಬಿಟ್ಟ ಉಸಿರು. ಮೂರು ವಾರದ್ದು.

ಇಳಿಜಾರಿನ ಉದ್ದಕ್ಕೂ ಬಿರುಕು ಓಡಿತು. ಪಾಲ್ಮೋ ಹಿಂದಕ್ಕೆ ಬಿದ್ದು ಟಗರಿನ ಕೊಂಬು ಹಿಡಿದಳು. ಟಗರು ಕಾಲೂರಿ ನಿಂತಿತು. ಕೋಲು ಹೋಯಿತು, ಅವಳು ಉಳಿದಳು.

"ಅಕ್ಕಾ!" ಎಂದು ಚೀರುತ್ತಾ ತಂಗಿ ಜಾರಿದಳು. ಅಕ್ಕ ನಗಬೇಕೆಂದಿದ್ದಳು. ಅಷ್ಟರಲ್ಲಿ ತಾನೂ ಜಾರುತ್ತಿರುವುದು ಗೊತ್ತಾಯಿತು. ಒಂದನ್ನೂ ಹಿಡಿಯದ ಕೈಗಳನ್ನು ಬೆಟ್ಟವೂ ಹಿಡಿಯಲಿಲ್ಲ.

ಪಾಲ್ಮೋ ಕಣಿವೆಗಿಳಿದು ಜಾರಿಬಿದ್ದ ಹಿಮದ ರಾಶಿಯ ಮುಂದೆ ನಿಂತಳು.

"ತಪ್ಪಾಯ್ತು ಅಕ್ಕಾ. ಇದರಲ್ಲಿ ನೀನು ಎಲ್ಲಿದ್ದೀಯೇ?"

ಅಕ್ಕನಿಗೇ ಗೊತ್ತಿರಲಿಲ್ಲ.

ಅದಕ್ಕೇ ಇವತ್ತಿಗೂ ಹಿಮದ ನಾಡಿನವರು ಕಡುಚಳಿಯ ನಂತರ ಹೊಸ ಹಿಮ ಎಷ್ಟೇ ಗಟ್ಟಿಯಿದ್ದರೂ ನೆಲದವರೆಗೆ ಅಗೆದು, ಅಡಿಯ ಹಿಮವನ್ನು ಮುಷ್ಟಿಯಲ್ಲಿ ಹಿಡಿದು ನೋಡುತ್ತಾರೆ. ಅದು ಉಂಡೆಯಾಗದೆ, ಬೆರಳ ಸಂದಿಯಿಂದ ಸಕ್ಕರೆ ಸೋರುವಂತೆ ಸೋರಿತೋ, ಅಕ್ಕ ಬೇಡವೆಂದಳು ಎಂದುಕೊಂಡು ಸುಮ್ಮನೆ ಮನೆಗೆ ಹೋಗುತ್ತಾರೆ.