ಫಕೀರಪ್ಪ ಹೊತ್ತು ಅಳೆದ ಕತೆ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಮಠದ ದಾಸೋಹದಲ್ಲಿ ರೊಟ್ಟಿ ಬಡಿಯುತ್ತಿದ್ದ ಸಂಗವ್ವಾಯಿ. ಒಲೆಯ ಮುಂದೆ ಕೂತು, ಕೈ ನಿಲ್ಲಿಸದೆ, ಮುಖದಲ್ಲಿ ನಗೆಯ ಸುಳಿವಿಲ್ಲದೆ ಹೇಳುತ್ತಿದ್ದರು. ಕೇಳಿದವರು ನಕ್ಕರೆ, "ನಗಬ್ಯಾಡ್ರೋ! ಆ ತಾಯಿ ಸಂಕಟ ಏನಂತ ಗೊತ್ತೈತೇನು?" ಎಂದು ಗದರುತ್ತಿದ್ದರು. ಹಾಗಾಗಿ ನಾನೂ ಶಿವನನ್ನು ನೆನೆದು, ನಗದೆಯೇ ಹೇಳುತ್ತೇನೆ.

ಒಂದೂರು. ಆ ಊರಲ್ಲಿ ಕಲ್ಲವ್ವ ಅಂತ ಒಬ್ಬ ತಾಯಿ. ಮಠದ ಅಂಗಳ ಗುಡಿಸುವುದು ಆಕೆಯ ಕಾಯಕ. ಆಕೆಗೆ ಒಬ್ಬನೇ ಮಗ, ಫಕೀರಪ್ಪ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ದಾರಿಯಲ್ಲಿ ಎಲ್ಲೋ ಕೂತುಬಿಟ್ಟಿತ್ತು. ಸುಳ್ಳು ಹೇಳುವವನಲ್ಲ, ಸೋಮಾರಿಯೂ ಅಲ್ಲ. ಹೇಳಿದ್ದನ್ನು ಮಾಡುವವನು. ಹೇಳಿದಷ್ಟನ್ನೇ ಮಾಡುವವನು. ಅದೇ ಆ ತಾಯಿಗೆ ದುಃಖ. ಕುರಿ ಕಾಯಲು ಕಳಿಸಿದಳು, ಇವನು ಬಂದ, ಕುರಿ ಬರಲಿಲ್ಲ. ಹಿಟ್ಟಿನ ಗಿರಣಿಗೆ ಕಳಿಸಿದಳು, ಗಿರಣಿಯವನೇ ಕೈಹಿಡಿದು ಕರೆತಂದು ಬಿಟ್ಟುಹೋದ. "ನಾ ಕಣ್ಣ ಮುಚ್ಚಿದ ಮ್ಯಾಲೆ ಈ ಹುಚ್ಚಪ್ಯಾಲಿಗೆ ಯಾರಪ್ಪಾ ದಿಕ್ಕು!" ಎಂದು ಕಲ್ಲವ್ವ ಪೊರಕೆ ಹಿಡಿದೇ ಅಳುತ್ತಿದ್ದಳು.

ಆ ಮಠದಿಂದ ವರ್ಷಾವರ್ಷ ಪಂಚಾಂಗ ಹೊರಡುತ್ತಿತ್ತು. ಹಿಂದೆ ಕವಡೆ ಇಟ್ಟು ಗುಣಿಸುತ್ತಿದ್ದರು, ಈಗ ಕಂಪ್ಯೂಟರು. ಆ ಕಂಪ್ಯೂಟರಿನಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ಕಪ್ಪು ಪರದೆ. ಅದರ ಮೇಲೆ ಒಂದು ಸಾಲು ಆಜ್ಞೆ ಬರೆದು ಎಂಟರ್ ಒತ್ತಿದರೆ ಪ್ರೋಗ್ರಾಂ ಓಡುತ್ತದೆ. ವರ್ಷದ ತಿಥಿ, ನಕ್ಷತ್ರವೆಲ್ಲ ಲೆಕ್ಕ ಹಾಕಿ, ಕೊನೆಗೆ "ಮುಗಿಯಿತು" ಎಂದು ತೋರಿಸುತ್ತದೆ. ಆದರೆ ಅದು ಮುಗಿಯುವುದರೊಳಗೆ ಕರೆಂಟು ಹೋಗುತ್ತಿತ್ತು. ಹೋದರೆ ಮತ್ತೆ ಮೊದಲಿನಿಂದ! ಇದನ್ನು ಕಂಡು ಮಠದ ಭಕ್ತರೊಬ್ಬರ ಮಗಳು ಹೊಸ ಪ್ರೋಗ್ರಾಂ ಒಂದನ್ನು ಬರೆದು ಕಳಿಸಿದ್ದಳು. ಹಳೆಯದು ಬೇಗವೋ, ಹೊಸದು ಬೇಗವೋ? ಓಡಿಸಿ, ಹೊತ್ತು ಅಳೆದು ನೋಡಬೇಕು. ಪಂಚಾಂಗ ನೋಡಿಕೊಳ್ಳುತ್ತಿದ್ದ ಶಾಂತಯ್ಯನವರಿಗೆ ಅಷ್ಟು ಪುರುಸೊತ್ತಿಲ್ಲ.

ಕಲ್ಲವ್ವ ಅವರ ಕಾಲು ಹಿಡಿದಳು. "ಅಯ್ಯಾರ, ನನ್ನ ಮಗಾ ಗಡಿಯಾರ ನೋಡ್ತಾನ್ರಿ, ಅಕ್ಷರ ಓದ್ತಾನ್ರಿ. ಕುಂದ್ರು ಅಂದಲ್ಲಿ ಕುಂದರ್ತಾನ್ರಿ. ಇದೊಂದು ಕೆಲಸ ಅವಗ ಕೊಡ್ರಿ."

ಶಾಂತಯ್ಯನವರು ಗೋಡೆಯ ಗಡಿಯಾರದ ಕಡೆ ಕೈ ತೋರಿಸಿದರು. "ಆತು. ಹುಣ್ಣಿಮಿ ದಿನ ಸಂಜಿ ಈ ಗಡಿಯಾರದಾಗ ಆರು ಹೊಡೆಯೂತನಕ ನೋಡ್ತೀನಿ. ಅಷ್ಟರಾಗ ನೆಟ್ಟಗ ಅಳದು ಹೇಳಿದ್ರ ಕೆಲಸ ಕಾಯಂ. ಇಲ್ಲಾಂದ್ರ ಕರಕೊಂಡು ಹೋಗು, ಮತ್ತ ಕೇಳಬ್ಯಾಡ."

ಫಕೀರಪ್ಪ ಕಂಪ್ಯೂಟರಿನ ಮುಂದೆ ಕೂತ. ಶಾಂತಯ್ಯನವರು ಮತ್ತೆ ಅದೇ ಗಡಿಯಾರ ತೋರಿಸಿದರು. "ಎಂಟರ್ ಒತ್ತು. ಒತ್ತಿದ ಮ್ಯಾಲೆ ಗಡಿಯಾರ ನೋಡು. ತಿಳೀತೋ?"

"ತಿಳೀತ್ರಿ!"

ಎಂಟರ್ ಒತ್ತಿದ. ಗಡಿಯಾರ ನೋಡಿದ. ನೋಡಿದ, ನೋಡಿದ, ನೋಡೇ ನೋಡಿದ. ಪ್ರೋಗ್ರಾಂ ಮುಗಿಯಿತು, ಇವನು ಗಡಿಯಾರ ನೋಡಿದ. ಊಟದ ಗಂಟೆ ಹೊಡೆಯಿತು, ಇವನು ಗಡಿಯಾರ ನೋಡಿದ. ಸಂಜೆ ಶಾಂತಯ್ಯನವರು ಬಂದಾಗ ಇವನ ಕುತ್ತಿಗೆ ಸೆಟೆದುಕೊಂಡಿತ್ತು.

"ಎಷ್ಟೊತ್ತು ಹಿಡೀತೋ?"

"ಏನು ರೀ?"

"ಪ್ರೋಗ್ರಾಮಿಗೆ!"

"ಅದನ್ನ ಯಾರು ನೋಡ್ಯಾರ್ರಿ? ನೀವು ಗಡಿಯಾರ ನೋಡಂದ್ರಿ."

"ಅಯ್ಯೋ ನಿನ್ನ! ಗಡಿಯಾರ ಎಲ್ಲಿ ಓಡಿಹೋಗ್ತೈತಿ? ಓಡೂದರ ಮ್ಯಾಲೆ ಕಣ್ಣಿಡಬೇಕು. ಮುಗಿಯೂತನಕ ಏನೂ ಮುಟ್ಟಬಾರದು. ಮುಗಿದ ಮ್ಯಾಲೆ ಗಡಿಯಾರ ನೋಡಿ ಹೇಳಬೇಕು!"

"ಇನ್ನ ಹಂಗ ಮಾಡ್ತೀನ್ರಿ."

ಮರುದಿನ ಬೆಳಿಗ್ಗೆ ಕಲ್ಲವ್ವ ಒಲೆಯ ಮೇಲೆ ಹಾಲಿಟ್ಟು ನೀರಿಗೆ ಹೋದಳು. "ಹಾಲಿನ ಮ್ಯಾಲೆ ಕಣ್ಣಿಡೋ ಮಗನ." ಫಕೀರಪ್ಪ ಕಣ್ಣಿಟ್ಟ. ಹಾಲು ಕಾಯಿತು, ಕಣ್ಣಿಟ್ಟ. ಹಾಲು ಏರಿತು, ಕಣ್ಣಿಟ್ಟ. ಹಾಲು ಉಕ್ಕಿ, ಒಲೆ ಆರಿಸಿ, ನೆಲಕ್ಕೆ ಹರಿಯಿತು. ಅವನು ಏನೂ ಮುಟ್ಟಲಿಲ್ಲ. ಪಾತ್ರೆ ಬರಿದಾದ ಮೇಲೆ ಎದ್ದು ಗಡಿಯಾರ ನೋಡಿದ.

"ಯವ್ವಾ, ಏಳಕ್ಕ ಇಟ್ಟಿದ್ದಿ, ಏಳೂ ಕಾಲಕ್ಕ ಪೂರಾ ಮುಗೀತು!"

ಕಲ್ಲವ್ವ ಕೊಡ ಇಳಿಸಿ ಹಣೆ ಬಡಿದುಕೊಂಡಳು. "ದೇವರ ಎಡೆಗೆ ಇಟ್ಟ ಹಾಲೋ! ಬಿಸಿಯಾಗಿ ಬುಸ್ ಅಂತ ಮ್ಯಾಲೆ ಬಂದ್ರ ಕುಂತ ನೋಡ್ತಾರೇನೋ? ಥಟ್ಟನ ತಣ್ಣೀರು ಚಿಮುಕಸಬೇಕು!"

"ಇನ್ನ ಹಂಗ ಮಾಡ್ತೀನಿ ಯವ್ವಾ."

ಮಠಕ್ಕೆ ಬಂದ. ಎಂಟರ್ ಒತ್ತಿದ. ಹಳೆಯ ಪ್ರೋಗ್ರಾಂ ಭಾರದ್ದು. ಓಡುತ್ತ ಓಡುತ್ತ ಯಂತ್ರ ಬಿಸಿಯಾಯಿತು, ಒಳಗಿನ ಫ್ಯಾನು ಬುಸ್ ಎಂದಿತು. ಫಕೀರಪ್ಪ ಮುಟ್ಟಿ ನೋಡಿದ. ಬಿಸಿ! ಕಿವಿಗೊಟ್ಟ. ಬುಸ್! ಥಟ್ಟನೆ ಎದ್ದು ತಂಬಿಗೆ ತಂದು ತಣ್ಣೀರು ಚಿಮುಕಿಸಿದ. ಪರದೆ ಕಣ್ಣು ಮುಚ್ಚಿತು.

ಶಾಂತಯ್ಯನವರು ಓಡಿಬಂದರು. "ಶಿವಶಿವಾ! ಏನ ಮಾಡಿದ್ಯೋ ಖೋಡಿ!"

"ಉಕ್ಕಾಕತ್ತಿತ್ರಿ. ಉಳಿಸೀನಿ."

ಯಂತ್ರವನ್ನು ಬಿಚ್ಚಿ, ಒರೆಸಿ, ಬಿಸಿಲಿಗಿಟ್ಟು, ದೇವರಿಗೆ ಕೈಮುಗಿದು ಮತ್ತೆ ಹಚ್ಚಿದರು. ಪುಣ್ಯಕ್ಕೆ ಹತ್ತಿಕೊಂಡಿತು. ಬಾಗಿಲ ಹೊರಗೆ ಕಲ್ಲವ್ವ ಸೆರಗು ಬಾಯಿಗೊತ್ತಿ ನಿಂತಿದ್ದಳು. ಅವಳ ಮುಖ ನೋಡಿ ಶಾಂತಯ್ಯನವರು ಸಿಟ್ಟು ನುಂಗಿದರು.

"ಕೇಳಿಲ್ಲಿ. ಯಂತ್ರ ಬಿಸಿ ಆಗ್ಲಿ, ಹೆದರಬ್ಯಾಡ. ಮೊದಲಿಗೆ ಅದು ನಿದ್ದಿಗಣ್ಣಾಗ ಇರತೈತಿ, ಎಲ್ಲಾ ಹುಡುಕಿ ಹುಡುಕಿ ತಗೀಬೇಕಾಗತೈತಿ, ತಡ ಆಗತೈತಿ. ಅದಕ್ಕ ಒಂದ ಸಲ ಅಲ್ಲ, ಮತ್ತ ಮತ್ತ ಓಡಸು. ಮೊದಲಿನ ಮೂರು ಲೆಕ್ಕಕ್ಕಿಲ್ಲ, ಬಿಟ್ಟಬಿಡು. ನಾಕನೇದರಿಂದ ಹಿಡಿ."

"ಮೊದಲಿನ ಮೂರು ಲೆಕ್ಕಕ್ಕಿಲ್ಲ. ಇನ್ನ ಹಂಗ ಮಾಡ್ತೀನ್ರಿ."

ಅಂದು ಸೋಮವಾರ. ಮಠದಲ್ಲಿ ಪಂಕ್ತಿ. ಬಡಿಸುವವರು ಕಡಿಮೆ ಬಿದ್ದು, ಫಕೀರಪ್ಪನ ಕೈಗೆ ಗೋದಿ ಹುಗ್ಗಿಯ ಬಕೆಟ್ಟು ಬಂತು. ಪಂಕ್ತಿಯ ತುದಿಯಲ್ಲಿ ಮಠದ ಹಿರಿಯ ಅಜ್ಜಾರು, ಅವರ ಪಕ್ಕ ಬೇರೆ ಮಠದಿಂದ ಬಂದ ಅತಿಥಿ ಸ್ವಾಮಿಗಳು, ಅವರ ಪಕ್ಕ ಶಾಂತಯ್ಯನವರು. ಫಕೀರಪ್ಪ ಮೂವರನ್ನೂ ನೋಡಿದ, ಬೆರಳು ಮಡಚಿದ, ದಾಟಿದ. ನಾಲ್ಕನೆಯ ಎಲೆಯಿಂದ ಬಡಿಸಿಕೊಂಡು ಹೋದ.

"ಏ, ಇಲ್ಲಿ! ಅಜ್ಜಾರ ಎಲಿಗೆ ಹುಗ್ಗಿ ಎಲ್ಲಿ?" ಎಂದು ಅಡುಗೆಯವನು ಕೂಗಿದ.

"ಅವರು ಲೆಕ್ಕಕ್ಕಿಲ್ರಿ."

ಇಡೀ ಪಂಕ್ತಿ ಕೈ ನಿಲ್ಲಿಸಿತು. ಅತಿಥಿ ಸ್ವಾಮಿಗಳು ತಮ್ಮ ಖಾಲಿ ಎಲೆಯನ್ನೇ ನೋಡುತ್ತ ಕೂತರು.

"ಯಾರು ಹೇಳಿದ್ರೋ ನಿನಗ?" ಎಂದು ಅಡುಗೆಯವನು ಗದರಿದ.

"ಅಯ್ಯಾರ ಹೇಳ್ಯಾರ. ಇನ್ನೂ ನಿದ್ದಿಗಣ್ಣಾಗ ಇರತಾರಂತ."

ಎಲ್ಲರೂ ಎದ್ದ ಮೇಲೆ ಶಾಂತಯ್ಯನವರು ಫಕೀರಪ್ಪನನ್ನು ಕಂಬದ ಮರೆಗೆ ಕರೆದರು. "ಪಂಕ್ತಿಯೊಳಗ ಹಿಂದು ಮುಂದು ಇಲ್ಲೋ! ಎಲ್ಲಾರೂ ಕೂಡೇ ಶುರು ಮಾಡಬೇಕು, ಎಲ್ಲಾರೂ ಕೂಡೇ ಏಳಬೇಕು. ಒಬ್ಬಂದು ಮೊದಲ ಮುಗೀತಂದ್ರ ಅವಾ ಕಡೀದವನ ಸಲುವಾಗಿ ಕಾಯಬೇಕು. ಅದು ಮಠದ ರೀತಿ!"

"ಇನ್ನ ಹಂಗ ಮಾಡ್ತೀನ್ರಿ."

ಮುಂದಿನದನ್ನು ನೀವೇ ಊಹಿಸಿರಬಹುದು. ಮರುದಿನ ಹಳೆಯದನ್ನೂ ಹೊಸದನ್ನೂ ಕೂಡಿಯೇ ಓಡಿಸಿದ. ಪರದೆಯ ಮೇಲೆ ಎರಡು ಕಪ್ಪು ಚೌಕ, ಅಕ್ಕಪಕ್ಕ, ಎರಡು ಎಲೆ ಹಾಕಿದ ಹಾಗೆ. ಹೊಸದು ಬೇಗ ಮುಗಿಯಿತು. ಫಕೀರಪ್ಪ ಅದಕ್ಕೆ ಕೈ ತೋರಿಸಿ, "ತಡಿ, ಇನ್ನೊಬ್ಬಂದು ಆಗಿಲ್ಲ" ಎಂದ. ಹಳೆಯದು ನಿಧಾನಕ್ಕೆ, ತೇಕುತ್ತ ಮುಗಿಯಿತು. ಆಗ ಗಡಿಯಾರ ನೋಡಿದ.

"ಅಯ್ಯಾರ, ಎರಡೂ ಒಂದ ಹೊತ್ತಿಗೆ ಎದ್ದಾವ್ರಿ!"

ಶಾಂತಯ್ಯನವರು ಈ ಸಲ ಕೂಗಾಡಲಿಲ್ಲ. ದನಿ ತಗ್ಗಿಸಿ ಹೇಳಿದರು, ಅದು ಕೂಗಾಟಕ್ಕಿಂತ ಕಠಿಣವಾಗಿತ್ತು. "ನಾಳೆ ಹುಣ್ಣಿಮಿ. ಇದು ಕಡೀ ಮಾತು. ಒಂದು ಮುಗಿದ ಮ್ಯಾಲೆ ಇನ್ನೊಂದು ಓಡಸು. ಮತ್ತ, ಅದು ಓಡುವಾಗ ಬ್ಯಾರೆ ಯಾವ ಕೆಲಸಾನೂ ನಡೀಬಾರದು. ಬ್ಯಾರೆ ಕೆಲಸ ನಡೀತಿದ್ರ ಲೆಕ್ಕ ಕೆಡತೈತಿ. ಎಲ್ಲಾ ಬಂದ್ ಮಾಡಿ, ಆಮ್ಯಾಲೆ ಓಡಸು. ನಾ ಸಂಜಿಗೆ ಬರ್ತೀನಿ."

ಯಂತ್ರದ ಒಳಗಿನ ಕೆಲಸ ಎಂದು ಹೇಳುವುದನ್ನು ಅವರು ಮರೆತರು.

ಆ ರಾತ್ರಿ ಕಲ್ಲವ್ವ ಮಗನ ತಲೆಗೆ ಎಣ್ಣೆ ಹಚ್ಚಿದಳು. "ಇದೊಂದು ಸಲ, ಮಗನ. ಅಯ್ಯಾರು ಹೇಳಿದ್ದರಾಗ ಒಂದ ಅಕ್ಷರ ಬಿಡಬ್ಯಾಡ."

"ಬಿಡೂದಿಲ್ಲ ಯವ್ವಾ."

ಹುಣ್ಣಿಮೆ. ಶಾಂತಯ್ಯನವರು ಪಕ್ಕದೂರಿನ ಪೂಜೆಗೆ ಹೋದರು. ಫಕೀರಪ್ಪ ಮಿಂದು, ವಿಭೂತಿ ಹಚ್ಚಿ, ಮಠದ ಅಂಗಳದಲ್ಲಿ ನಿಂತ. ರೊಟ್ಟಿ ಬಡಿಯುವವರಿಗೆ ಹೇಳಿದ, "ಬಂದ್ ಮಾಡ್ರಿ. ಅಯ್ಯಾರು ಹೇಳ್ಯಾರ." ಬಡಿಯುವ ಕೈ ನಿಂತಿತು. ಬಾವಿಯ ಬಳಿ ಹೋದ. "ಬಂದ್ ಮಾಡ್ರಿ." ಕೊಡ ನಡುದಾರಿಯಲ್ಲಿ ತೂಗಾಡಿತು. ಹೂ ಕಟ್ಟುವವರು, ಗಂಧ ತೇಯುವವರು, ಕಟ್ಟಿಗೆ ಒಡೆಯುವವರು, ಎಲ್ಲರೂ ನಿಂತರು. ಹುಣ್ಣಿಮೆಯ ಯಾವುದೋ ವ್ರತವಿರಬೇಕು ಎಂದುಕೊಂಡರು. ಮಠದ ಮಾತು ಮೀರುವವರು ಯಾರು? ಹಿರಿಯ ಅಜ್ಜಾರು ಜಪ ಮಾಡುತ್ತಿದ್ದರು.

"ಅಜ್ಜಾರ, ಮಣಿ ಎಣಿಸೂದೂ ನಿಲ್ಲಸ್ರಿ."

ಅಜ್ಜಾರು ಕಣ್ಣು ತೆರೆದು ಅವನನ್ನು ನೋಡಿ, ಬೆರಳು ನಿಲ್ಲಿಸಿದರು.

ಕೊನೆಗೆ ತಾಯಿ. "ಯವ್ವಾ, ನೀನೂ." ಕಲ್ಲವ್ವ ಪೊರಕೆ ಹಿಡಿದಲ್ಲೇ ನಿಂತಳು.

ಒಳಗೆ ಬಂದು ಕೂತ. ಇಡೀ ಮಠ ಸ್ತಬ್ಧ. ಆ ಮೌನದಲ್ಲಿ ಒಂದೇ ಒಂದು ಸದ್ದು ಕೇಳಿತು. ಟಿಕ್, ಟಿಕ್, ಟಿಕ್. ಗೋಡೆಯ ಗಡಿಯಾರ! ಎಲ್ಲರೂ ನಿಂತರೂ ಅದೊಂದು ಕೆಲಸ ಮಾಡುತ್ತಲೇ ಇತ್ತು. ಫಕೀರಪ್ಪ ಸ್ಟೂಲು ಹತ್ತಿದ, ಗಡಿಯಾರದ ಸೆಲ್ ತೆಗೆದ. ಮುಳ್ಳು ಹತ್ತು ಗಂಟೆಗೆ ನಿಂತಿತು. ಇನ್ನು ಲೆಕ್ಕ ಕೆಡುವುದಿಲ್ಲ ಎಂದು ಸಮಾಧಾನದಿಂದ ಎಂಟರ್ ಒತ್ತಿದ.

ಹಳೆಯದು ಓಡಿತು, ಮುಗಿಯಿತು. ಗಡಿಯಾರ ನೋಡಿದ. ಹತ್ತು. ಹೊಸದು ಓಡಿತು, ಮುಗಿಯಿತು. ನೋಡಿದ. ಹತ್ತು. ನಂಬಿಕೆ ಬರಲಿಲ್ಲ. ಮತ್ತೆ ಓಡಿಸಿದ, ಮತ್ತೆ ಮತ್ತೆ ಓಡಿಸಿದ. ಹತ್ತು, ಹತ್ತು, ಹತ್ತು.

ಸಂಜೆ ಶಾಂತಯ್ಯನವರು ಬಂದಾಗ ಮಠದಲ್ಲಿ ದೀಪವಿಲ್ಲ, ಒಲೆಯಲ್ಲಿ ಬೆಂಕಿಯಿಲ್ಲ. ಜನರು ಕಲ್ಲಿನ ಗೊಂಬೆಗಳಂತೆ ನಿಂತಿದ್ದರು. ಬೇವಿನ ಮರದ ಮೇಲೆ ಚಂದ್ರ ಬಂದಿದ್ದ. ಶಾಂತಯ್ಯನವರು ಒಳಗೆ ಓಡಿದರು.

"ಎಷ್ಟೊತ್ತು ಹಿಡೀತೋ?"

"ಹೊತ್ತು ಹಿಡೀಲೇ ಇಲ್ರಿ ಅಯ್ಯಾರ! ಹಳೇದಕ್ಕೂ ಇಲ್ಲ, ಹೊಸಾದಕ್ಕೂ ಇಲ್ಲ."

"ಗಡಿಯಾರ ಯಾಕ ನಿಂತೈತಿ?"

"ಅದೂ ಒಂದ ಸಮ ಕೆಲಸ ಮಾಡಾಕತ್ತಿತ್ರಿ. ಬಂದ್ ಮಾಡೀನಿ."

ಶಾಂತಯ್ಯನವರು ಗೋಡೆಗೆ ಒರಗಿದರು. ಬಾಗಿಲಲ್ಲಿ ಬಂದು ನಿಂತ ಕಲ್ಲವ್ವನ ಕಡೆ ತಿರುಗಿದರು. "ತಂಗೀ, ನಾ ಮಾತು ಕೊಟ್ಟಿದ್ದೆ. ಹುಣ್ಣಿಮಿ ಸಂಜಿ ಆರು ಹೊಡೆಯೂತನಕ ಅಂತ. ಹೊತ್ತು ಮುಗೀತು. ಮಗನ್ನ ಕರಕೊಂಡು ಹೋಗು."

ಕಲ್ಲವ್ವನ ಕೈಯ ಪೊರಕೆ ಬಿತ್ತು.

"ಆರು ಎಲ್ಲಿ ಹೊಡದೈತ್ರಿ?" ಎಂದ ಫಕೀರಪ್ಪ. "ನೋಡ್ರಿ, ಇನ್ನೂ ಹತ್ತು. ನನಗಿನ್ನೂ ಭಾಳ ಹೊತ್ತೈತಿ."

"ಅದೇನೋ ಅಲ್ಲಿ?" ಶಾಂತಯ್ಯನವರು ಕಿಟಕಿಯಾಚೆ ಕೈ ತೋರಿಸಿದರು.

"ಚಂದ್ರ ರೀ. ಅವಗೂ ನಿಲ್ಲಂತ ಹೇಳೀನಿ, ಕೇಳವಲ್ಲ."

ಮಗನ ಒಂದೊಂದು ತಪ್ಪಿಗೂ ಹಣೆ ಬಡಿದುಕೊಂಡಿದ್ದ ಆ ತಾಯಿ, ಈಗ ಸೆರಗು ಸರಿಮಾಡಿಕೊಂಡು ಗಡಿಯಾರದ ಕಡೆಗೆ ನೋಡಿದಳು.

"ಅಯ್ಯಾರ," ಎಂದಳು, "ನೀವು ಈ ಗಡಿಯಾರದ ಮ್ಯಾಲೆ ಮಾತು ಕೊಟ್ಟೀರಿ. ಇದರಾಗ ಆರು ಹೊಡೀಲಿ. ಹೊಡದ ಕೂಡಲೇ ಕರಕೊಂಡು ಹೋಗ್ತೀನ್ರಿ."

ಶಾಂತಯ್ಯನವರು ಗಡಿಯಾರ ನೋಡಿದರು, ಆ ತಾಯಿಯನ್ನು ನೋಡಿದರು. ಸೆಲ್ ಎಲ್ಲಿದೆ ಎಂದು ಅವರು ಕೇಳಲಿಲ್ಲ. ತಾವೇ ಹೊರಗೆ ಬಂದು, "ದೀಪಾ ಹಚ್ಚರಿ" ಎಂದರು. ಫಕೀರಪ್ಪ ಮತ್ತೆ ಎಂಟರ್ ಒತ್ತಿ, ನಿಂತ ಮುಳ್ಳನ್ನು ಬಹಳ ಶ್ರದ್ಧೆಯಿಂದ ನೋಡುತ್ತ ಕೂತ. ಆ ಮಠದಲ್ಲಿ ಇನ್ನೂ ಹತ್ತು ಗಂಟೆಯಂತೆ, ಅವನ ಕೆಲಸವೂ ಇನ್ನೂ ಇದೆಯಂತೆ.

ಸಂಗವ್ವಾಯಿ ಇಷ್ಟೇ ಹೇಳಿ ರೊಟ್ಟಿ ಮಗುಚಿದರು. ಕೇಳಿದ ನೀವು ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಮಗನ ಮೇಲೆ ಬೇಸರಪಟ್ಟ ತಾಯಿ ಯಾರಾದರೂ ಕಂಡರೆ, ಪಕ್ಕದಲ್ಲಿ ಕೂತು ನಿಧಾನವಾಗಿ ಹೇಳಿ. ಅವಳಿಗೆ ನಗೆ ಬಂದರೆ ನಗಲಿ, ನೀವು ಮಾತ್ರ ನಗಬೇಡಿ.