ಹದಿನೇಳೂವರೆ ಹಲ್ಲಿನ ಗೇರು

ಕೇಳ್ರಪ್ಪಾ ಕೇಳ್ರಿ, ದುಂಡವ್ವನಿಗೆ ಒಬ್ಬನೇ ಮಗ, ಗುರುಪಾದ. ಒಬ್ಬನೇ ಆದದ್ದು ಪುಣ್ಯ ಅಂತ ಅವಳೇ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು. ಹೇಳಿದ್ದು ಮಾಡದ ಮಕ್ಕಳು ಮನೆಮನೆಯಲ್ಲೂ ಇರುತ್ತಾರೆ. ಇವನು ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಅದೇ ದೊಡ್ಡ ಗೋಳು.

ಬೆಳಗಾವಿ ಕಡೆಯ ಒಂದು ಲೇಥ್ ಕಾರ್ಖಾನೆಗಳ ಓಣಿಯಲ್ಲಿ ದುಂಡವ್ವನ ಕಂಪ್ಯೂಟರ್ ಅಂಗಡಿ. ಗೇರಿನ, ಅಂದರೆ ಯಂತ್ರದ ಹಲ್ಲುಚಕ್ರದ, ಚಿತ್ರ ಬಿಡಿಸುವ ಸಾಫ್ಟ್‌ವೇರನ್ನು ಕಾರ್ಖಾನೆಗಳಿಗೆ ಹಾಕಿಕೊಡುವುದು ಅವಳ ಕಸುಬು. ಒಂದು ದಿನ ಮಾಲೀಕರ ಸಂಘದ ಅಧ್ಯಕ್ಷ ಈರಪ್ಪ ಬಂದು ಹೇಳಿದ:

"ದುಂಡವ್ವಾ, ಮೂವತ್ತು ಕಾರ್ಖಾನಿಗೂ ಸಾಫ್ಟ್‌ವೇರ್ ಹಂಚೂದಕ್ಕ ಒಂದ ಟೂಲ್ ಬೇಕು. ಯಾವುದು ಚಲೋ ಅಂತ ಹೋಲಿಸಿ ಶನಿವಾರ ತೋರಸ್ರಿ. ಇಲ್ಲಂದ್ರ ಹೊರಗಿನವರಿಗೆ ಕೊಡ್ತೀವಿ."

ಈ ಕೆಲಸ ಹೋದರೆ ಅಂಗಡಿಗೆ ಬೀಗವೇ. ದುಂಡವ್ವ ಮೂರು ಟೂಲ್ ಆರಿಸಿದಳು; ಟೂಲ್ ಅಂದರೆ ಬೇರೆ ಸಾಫ್ಟ್‌ವೇರನ್ನು ಒಯ್ದು ಹಾಕುವ ಸಾಫ್ಟ್‌ವೇರೇ. ಹೋಗಿ ಹಾಕಿ ನೋಡಲು ಬೇರೆ ಯಾರಿದ್ದಾರೆ? ಮಗನನ್ನೇ ಕರೆದಳು.

"ಹೋಗಪಾ, ಗೇರಿನ ಸಾಫ್ಟ್‌ವೇರ್ ಒಂದು ಹಾಕಿ ಬಾ."

ಗುರುಪಾದ ಒಂದು ಕಾರ್ಖಾನೆಗೆ ಹೋದ. ಮೊದಲನೇ ಟೂಲ್ ಕೇಳಿತು: ಇದಕ್ಕೆ ಇನ್ನೂ ಆರು ಸಣ್ಣ ಸಾಫ್ಟ್‌ವೇರ್ ಬೇಕು, ತರಲೇ? ಬೇಡ ಅಂತ ಒತ್ತಿದ! ಅವ್ವ ಹೇಳಿದ್ದು ಒಂದು. ಒಂದು ಹಾಕಿದ, ಬಂದ. ಆ ಒಂದು ತೆರೆದುಕೊಳ್ಳಲೇ ಇಲ್ಲ.

"ಮಂಗ್ಯಾ! ಅದಕ್ಕ ಏನೇನ್ ಬೇಕೋ ಎಲ್ಲಾ ಜೋಡಿ ಒಯ್ಯಬೇಕು!"

"ಹೂಂನಬೇ, ಒಯ್ತೀನಿ."

ಎರಡನೇ ಟೂಲ್ ಬೇಕಾದ್ದನ್ನೆಲ್ಲ ತಾನೇ ಒಂದೇ ಗಂಟು ಕಟ್ಟಿ ಒಯ್ಯುವಂಥದ್ದು. ಆದರೆ ಗುರುಪಾದ ತನ್ನ ಗಂಟನ್ನೂ ಕಟ್ಟಿದ! ದುಂಡವ್ವ ಊಟ ಮಾಡಿ ಬಂದು ನೋಡಿದರೆ ಅಂಗಡಿ ಬಣಬಣ. ಕಂಪ್ಯೂಟರ್ ಇಲ್ಲ, ಟೇಬಲ್ ಇಲ್ಲ, ಗೋಡೆಯ ಫ್ಯಾನೂ ಇಲ್ಲ. ಎಲ್ಲ ಟಂಟಂ ಗಾಡಿ ಏರಿ ಕಾರ್ಖಾನೆಗೆ ಹೋಗಿತ್ತು.

"ಫ್ಯಾನ್ ಯಾಕ ಒಯ್ದಿ, ಹುಚ್ಚಪ್ಯಾಲಿ!"

"ಕಂಪ್ಯೂಟರ್ ಬಿಸಿ ಆಗ್ತದಲ್ಲಬೇ. ಬೇಕಾದ್ದೆಲ್ಲಾ ಅಂದಿ."

"ಯಪ್ಪಾ ದೇವರ! ಅಲ್ಲಿ ಏನೂ ಇಲ್ಲೇನು? ಅಲ್ಲಿ ಇದ್ದದ್ದರಾಗ ಹೊಂದಿಸ್ಕೋ!"

"ಹೂಂನಬೇ, ಹೊಂದಿಸ್ಕೋತೀನಿ."

ಸರಿಯಾಗಿ ನೋಡಿಯೇ ಇಲ್ಲವಲ್ಲ ಅಂತ ಮತ್ತೆ ಮೊದಲನೇ ಟೂಲ್ ಕೊಟ್ಟು ಇನ್ನೊಂದು ಕಾರ್ಖಾನೆಗೆ ಕಳಿಸಿದಳು. ಅಲ್ಲಿ ಅಳತೆ ಲೆಕ್ಕ ಹಾಕುವ ಸಾಫ್ಟ್‌ವೇರ್ ಹತ್ತು ವರ್ಷ ಹಳೆಯದು. ಹೊಸದು ತರಲೇ ಅಂತ ಟೂಲ್ ಪಾಪ ಮೂರು ಸಲ ಕೇಳಿತು. ಮೂರು ಸಲವೂ ಬೇಡ ಅಂದ! ಇದ್ದದ್ದರಲ್ಲೇ ಹೊಂದಿಸಿದ. ಸಂಜೆಗೆ ಕಾರ್ಖಾನೆಯವರು ಅದರ ಚಿತ್ರದಂತೆ ಮಾಡಿದ ಒಂದು ಗೇರು ತಂದು ದುಂಡವ್ವನ ಮುಂದೆ ಕುಕ್ಕಿದರು. ಎಣಿಸಿದಳು. ತಿರುಗಿಸಿ ಎಣಿಸಿದಳು. ಹದಿನೆಂಟು ಹಲ್ಲು ಇರಬೇಕಾದಲ್ಲಿ ಹದಿನೇಳೂವರೆ!

"ಅರ್ಧ ಹಲ್ಲು ಎಲ್ಲಿಂದ ಬಂತೋ ನನ್ನಪ್ಪಾ!"

"ಇದ್ದದ್ದರಾಗ ಹೊಂದಿಸೀನಬೇ."

ದುಂಡವ್ವನಿಗೆ ಅಳು ಬಂತು. ಸಿಟ್ಟಿಗೆ ಬಂದ ಅಳು. ಉಳಿದದ್ದು ಮೂರನೇ ಟೂಲ್. ಅದು ಪಟ್ಟಿ ಹಿಡಿದು ನಡೆಯುವಂಥದ್ದು. ಯಾವ ಸಾಫ್ಟ್‌ವೇರ್, ಎಷ್ಟನೇ ಆವೃತ್ತಿ, ಎಲ್ಲ ಬರೆದುಕೊಟ್ಟರೆ ಎಲ್ಲಿ ಹೋದರೂ ಅಷ್ಟೇ ಹಾಕುತ್ತದೆ. ಅವಳು ಪಟ್ಟಿ ಬರೆದಳು. ಮಗನ ಮೇಲೆ ಭರವಸೆ ಇಲ್ಲದೆ ಪಟ್ಟಿಯ ಮೇಲ್ತುದಿಗೇ ಕಂಪ್ಯೂಟರ್, ಟೇಬಲ್ ಅಂತಲೂ ಸೇರಿಸಿದಳು.

"ನೋಡು, ಪಟ್ಟಿಯಾಗ ಇದ್ದದ್ದು ಇರಬೇಕು. ಇಲ್ಲದ್ದು ಒಂದೂ ಒಳಗ ಇರಬಾರದು. ತಿಳೀತಿಲ್ಲೋ?"

"ತಿಳೀತಬೇ!"

ಶನಿವಾರ ಅವನು ಮೊದಲೇ ಸಂಘದ ಕೋಣೆಗೆ ಹೋದ. ದುಂಡವ್ವ, ಈರಪ್ಪ ಹಿಂದಿನಿಂದ ಬಂದರೆ ಕುರ್ಚಿ, ಕ್ಯಾಲೆಂಡರ್, ಚಹಾದ ಕಿತ್ತಲಿ ಎಲ್ಲ ಹೊರಗೆ ಕಟ್ಟೆಯ ಮೇಲೆ! ಬಾಗಿಲಿಗೆ ಬೀಗ. ಗುರುಪಾದ ಮೆಟ್ಟಿಲ ಮೇಲೆ ಕೂತಿದ್ದ.

"ಬಾಗಲಾ ತಗಿಯೋ!"

"ಪಟ್ಟಿಯಾಗ ಈರಪ್ಪನವರ ಹೆಸರಿಲ್ಲಬೇ. ನಿಂದಿಲ್ಲ. ನಂದೂ ಇಲ್ಲ, ಅದಕ್ಕ ನಾನೂ ಹೊರಗ ಬಂದೆ."

"ಕೀಲಿ?"

"ಅದೂ ಇಲ್ಲ. ಗಟಾರಕ್ಕ ಒಗದೆ."

ದುಂಡವ್ವ ಹಣೆ ಹಣೆ ಬಡಿದುಕೊಂಡಳು. ಮುಗಿಯಿತು, ಅಂಗಡಿ ಹೋಯಿತು! ಆದರೆ ಈರಪ್ಪ ಕಿಟಕಿಯ ಸರಳಿಗೆ ಮುಖ ಒತ್ತಿ ಒಳಗೆ ಇಣುಕಿದ. ಕಂಪ್ಯೂಟರಿನ ಮೇಲೆ ಗೇರು ನಿಧಾನಕ್ಕೆ ತಿರುಗುತ್ತಿತ್ತು. ಎಣಿಸಿದ. ಹದಿನೆಂಟಕ್ಕೆ ಹದಿನೆಂಟು ಹಲ್ಲು!

"ಭಲೇ ದುಂಡವ್ವಾ! ಕೆಲಸ ನಿಮ್ಮದ. ಮೂವತ್ತೂ ಕಾರ್ಖಾನಿಯೊಳಗ ಹಿಂಗ ಮಾಡ್ರಿ!"

ಎಷ್ಟೋ ದಿನದ ಮೇಲೆ ದುಂಡವ್ವ ನಕ್ಕಳು. ನಕ್ಕು ಮೆಟ್ಟಿಲ ಕಡೆ ನೋಡಿದಳು. ಗುರುಪಾದ ಇರಲಿಲ್ಲ, ಪಟ್ಟಿ ಹಿಡಿದು ಆಗಲೇ ಹೋಗಿದ್ದ.

ಪಕ್ಕದ ಕಾರ್ಖಾನೆಯ ಬಾಗಿಲಿನಿಂದ ಮೊದಲು ಒಂದು ಸ್ಟೂಲ್ ಹೊರಗೆ ಬಂತು. ಆಮೇಲೆ ಮಾಲೀಕ ಬಂದ.