ಪಟ್ಟಿಯಿಂದ ಬಿಟ್ಟ ಸೀತಾಫಲದ ಗಿಡ

"ಗುರುವಿನ ಮಾತನ್ನು ಮೀರುವುದು ತಪ್ಪೇ?" ಎಂದು ಶಿಷ್ಯನು ಕೇಳಿದನು. ಗುರುಗಳು ಈ ಕತೆಯನ್ನು ಹೇಳಿದರು.

ಒಬ್ಬ ಹಿರಿಯ ವಿಜ್ಞಾನಿ ಸೀತಾಫಲದ ಹೊಸ ತಳಿಯೊಂದನ್ನು ಬೆಳೆಸಿ ಹೆಸರಾಗಿದ್ದನು. ಅದರ ತಾಯಿಗಿಡ ಸಂಶೋಧನಾ ಕೇಂದ್ರದ ತೋಟದ್ದೇ ಎಂದು ಬರೆದಿದ್ದನು. ಮುನಿವೆಂಕಟಮ್ಮ ಎಂಬ ಮುದುಕಿ ಮಾತ್ರ, ಆತ ತನ್ನ ಹಿತ್ತಲಿನಿಂದ ಹಣ್ಣು ಒಯ್ದು ಅದರ ಬೀಜದಿಂದ ಆ ತಳಿ ಮಾಡಿದನೆಂದು ಹೇಳುತ್ತಿದ್ದಳು. ಊರವರು ಅವಳನ್ನು ಸುಳ್ಳುಬುರುಕಿ ಎಂದರು. ಹೆತ್ತ ಮಗನೂ ನಂಬಲಿಲ್ಲ.

ಆ ವಿಜ್ಞಾನಿಗೆ ವಾರಿಜ ಎಂಬ ಶಿಷ್ಯೆ ಇದ್ದಳು. ಆಕೆ ಸೀತಾಫಲದ ಜೀವಕೋಶದೊಳಗಿನ ಮೈಟೊಕಾಂಡ್ರಿಯದ ಜೀನೋಮನ್ನು, ಅಂದರೆ ಅದರ ವಂಶವಾಹಿಗಳ ಬರಹವನ್ನು, ಪೂರ್ತಿಯಾಗಿ ಓದುವ ಕೆಲಸಕ್ಕೆ ಕೈಹಾಕಿದಳು. ಗಿಡಗಳಲ್ಲಿ ಅದು ಸಾಮಾನ್ಯವಾಗಿ ತಾಯಿಯ ಕಡೆಯಿಂದಲೇ ಇಳಿದುಬರುತ್ತದೆ. ನಲವತ್ತು ಗಿಡಗಳ ಎಲೆ ತಂದಳು. ಮುದುಕಿಯ ಗಿಡದ್ದನ್ನೂ ಕೇಳಿ ತಂದಳು. ನಾಲ್ಕು ವರ್ಷ ಹಿಡಿಯಿತು. ಹೊಸ ತಳಿಯ ಜೀನೋಮಿನಲ್ಲಿ ಒಂದು ತುಂಡು ಹಿಂದುಮುಂದಾಗಿ ಕೂತಿತ್ತು. ಹಾಗೆ ಕೂತಿದ್ದ ಇನ್ನೊಂದು ಗಿಡ ಮುದುಕಿಯದು ಮಾತ್ರ. ತೋಟದ ತಾಯಿಗಿಡದಲ್ಲಿ ಅದು ಇರಲಿಲ್ಲ. ಮುದುಕಿಯ ಮಾತೇ ನಿಜವಾಗಿತ್ತು.

ವಾರಿಜ ಅದನ್ನು ಗುರುವಿನ ಮುಂದಿಟ್ಟು, "ನೀವು ಹೇಳಿದಂತೆ ಮಾಡುತ್ತೇನೆ ಸರ್" ಎಂದಳು.

ಆತ ಹಾಳೆಗಳನ್ನು ತಿರುವಿ ನೋಡಿದನು. "ಆ ತುಂಡು ಹಿಂದುಮುಂದಾಗಿರುವ ಎರಡು ಗಿಡಗಳನ್ನು ಪಟ್ಟಿಯಿಂದ ಬಿಟ್ಟುಬಿಡು. ಉಳಿದದ್ದೆಲ್ಲ ನಿಜವೇ ತಾನೆ?" ಎಂದನು.

ಆಕೆ ಬಿಟ್ಟಳು. ಪ್ರಬಂಧ ಅಚ್ಚಾಯಿತು. ತಿಳಿದವರು ಮೆಚ್ಚಿಕೊಂಡರು.

ಒಂದು ದಿನ ಮುದುಕಿ ಕೋಲೂರಿಕೊಂಡು ಕೇಂದ್ರಕ್ಕೆ ಬಂದಳು. "ನನ್ನ ಗಿಡದ್ದು ಏನಾಯ್ತಮ್ಮ?" ಎಂದು ಕೇಳಿದಳು.

"ಹೊಸ ತಳಿಯ ಜೊತೆ ಹೊಂದಿಕೆಯಾಗಲಿಲ್ಲ ಅಜ್ಜಿ" ಎಂದಳು ವಾರಿಜ.

ಓದಿದ ಹುಡುಗಿ ಸುಳ್ಳು ಹೇಳಿಯಾಳೆಂದು ಮುದುಕಿಗೆ ತೋಚಲಿಲ್ಲ. ತನಗೇ ಮರೆವು ಬಂದಿರಬೇಕೆಂದುಕೊಂಡಳು. ಊರಿಗೆ ಹೋಗಿ, ಇಷ್ಟು ವರ್ಷ ದೊಡ್ಡವರ ಮೇಲೆ ಇಲ್ಲದ್ದನ್ನು ಹೇಳಿದೆನೆಂದು ಎಲ್ಲರೆದುರು ಕೈಮುಗಿದಳು. ಅದಾಗಿ ಮೂರು ತಿಂಗಳಿಗೆ ತೀರಿಕೊಂಡಳು. ಮಗನು ಹಿತ್ತಲ ಗಿಡವನ್ನು ಕಡಿಸಿ, ಆ ಜಾಗದಲ್ಲಿ ಹೊಸ ತಳಿಯ ಸಸಿಯನ್ನು ನೆಟ್ಟನು.

ಸುದ್ದಿ ತಿಳಿದ ದಿನ ವಾರಿಜ ಅನ್ನ ಮುಟ್ಟಲಿಲ್ಲ. ಮರುವರ್ಷ ಗುರು ನಿವೃತ್ತನಾದನು. ಆತನ ಸ್ಥಾನ ಆಕೆಗೆ ಸಿಕ್ಕಿತು.

ಕತೆ ಕೇಳಿದ ಶಿಷ್ಯನು, "ಹಾಗಾದರೆ ಆಕೆ ಏನು ಮಾಡಬೇಕಿತ್ತು? ನೀವೇ ಹೇಳಿಬಿಡಿ, ಗುರುಗಳೇ" ಎಂದನು.

ಗುರುಗಳು ಹೇಳಿದರು: "ಆಕೆಯೂ ಹೀಗೆಯೇ ಗುರುವಿನ ಬಾಯಿ ನೋಡುತ್ತ ಕೂತಿದ್ದಳು."